ಬಸ್ಸಿನ ಮೂಗು ಸವರುವ ಊರು

ಮಳೆಗಾಲ ಹಿಂದೆ ಸರಿದಿತ್ತು. ಬೆಳಗಿನ ಹೊತ್ತು ಸಣ್ಣಗೆ ಚಳಿ, ಮಧ್ಯಾಹ್ನ ಚುರುಕು ಬಿಸಿಲು. ಮುಸುಕಿನ ಜೋಳದ ತೆನೆಗಳೆಲ್ಲ ಹೊಲ ಬಿಟ್ಟು ಅಂಗಳಕ್ಕೆ ಬಂದು ರಾಶಿ ಬಿದ್ದಿದ್ದವು. ಡ್ರೈವರಜ್ಜ ಮತ್ತು ಅವನ ಹೆಂಡತಿ ರಾಶಿಯ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತು ಕಾಳು ಬಿಡಿಸುತ್ತಿದ್ದರು. ಅಜ್ಜಿಯ ಹೆಬ್ಬೆರಳು ಒಮ್ಮೆ ಓಡಿದರೆ ಒಂದು ಸಾಲು ಕಾಳು ಉದುರುತ್ತಿತ್ತು. ಅಜ್ಜನದು ಅಷ್ಟು ಚುರುಕಿಲ್ಲ. ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕೈ ಅದು. ತೆನೆಯನ್ನೂ ಸ್ಟೇರಿಂಗಿನ ಹಾಗೆ ತಿರುಗಿಸುತ್ತಿತ್ತು.

ಹೊತ್ತು ನೆತ್ತಿಗೆ ಬರುತ್ತಿದ್ದಂತೆ ಅಜ್ಜನ ಕೈ ನಿಂತಿತು. ಕಿವಿ ನಿಮಿರಿತು.

"ಏರು ಹತ್ತಿದಳು," ಅಂದ.

"ಯಾರು?"

"ಯಾರು ಅಂತೀಯಲ್ಲ. ನಿನ್ನ ಮಗಳು. ಕೇಳು, ಈಗ ಎರಡನೇ ಗೇರಿಗೆ ಬಂದಳು. ನಾನಾಗಿದ್ದರೆ ಸೇತುವೆ ಹತ್ತಿರಾನೇ ಹಾಕ್ತಿದ್ದೆ."

"ನೀವಾಗಿದ್ದರೆ ಬಸ್ಸಿಗೆ ರೆಕ್ಕೆ ಬರ್ತಿತ್ತು. ಡಬ್ಬಿ ತಗೊಂಡು ನಡೀರಿ ಮೊದಲು. ಊಟ ಆರಿ ತಣ್ಣಗಾಗ್ತದೆ."

ಮಗಳು ಅದೇ ದಾರಿಯಲ್ಲಿ ಬಸ್ಸು ಓಡಿಸಲು ಶುರುಮಾಡಿ ಎಂಟು ತಿಂಗಳಾಗಿತ್ತು. ಬೆಳಗ್ಗೆ ಸ್ಕೂಟರಿನಲ್ಲಿ ಡಿಪೋಗೆ ಹೋಗುವಾಗ ತಿಂಡಿಯ ಡಬ್ಬಿ ಒಯ್ಯುತ್ತಿದ್ದಳು. ಮಧ್ಯಾಹ್ನ ಬಸ್ಸು ಊರಿನ ಕೊನೆಗೆ ಬಂದು ಹತ್ತು ನಿಮಿಷ ನಿಂತಾಗ ಅಪ್ಪ ಊಟದ ಡಬ್ಬಿ ಕೊಟ್ಟು ಖಾಲಿ ಡಬ್ಬಿ ಇಸಿದುಕೊಂಡು ಬರುತ್ತಿದ್ದ. ಈ ಕೆಲಸಕ್ಕೆ ಅಜ್ಜ ಒಗೆದ ಅಂಗಿ ತೊಡುತ್ತಿದ್ದ, ಹೆಗಲಿಗೆ ಬಿಳಿ ಟವೆಲು ಹಾಕುತ್ತಿದ್ದ. ಡಬ್ಬಿ ಕೊಡುವುದು ನೆಪ. ಬಸ್ಸಿನ ವಾಸನೆ ಕುಡಿಯದೆ ಅವನಿಗೆ ಹೊತ್ತು ಮುಳುಗುತ್ತಿರಲಿಲ್ಲ.

ಆ ಊರಿಗೆ ಮೊದಲ ಬಸ್ಸು ತಂದವನೇ ಅವನು. ಆಗ ಬಸ್ಸಿಗೆ ಮುಂದೆ ಉದ್ದ ಮೂಗಿತ್ತು. ಇಂಜಿನ್ ಆ ಮೂಗಿನೊಳಗೇ ಗುರ್ ಅನ್ನುತ್ತಿತ್ತು. ಏರು ಹತ್ತಿ ಬಂದ ಮೇಲೆ ಮೂಗಿನ ತುದಿಯಿಂದ ಉಗಿ ಏಳುತ್ತಿತ್ತು. ಕಂಡಕ್ಟರು ಬಾವಿಯಿಂದ ಕೊಡ ತುಂಬಿ ತಂದು ಅದಕ್ಕೆ ನೀರು ಕುಡಿಸುತ್ತಿದ್ದ. ಮೊದಲ ದಿನ ಬಸ್ಸು ಬಂದು ನಿಂತಾಗ ಊರಿನವರು ಹತ್ತು ಮಾರು ದೂರ ನಿಂತಿದ್ದರು. ಒಂದು ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತ್ತು. ಆಗಿನ್ನೂ ಮೀಸೆ ಕಪ್ಪಗಿದ್ದ ಡ್ರೈವರು ಕೆಳಗಿಳಿದು, "ಬನ್ನಿ ಬನ್ನಿ, ಹಸುವಿನ ಥರ ಮೂಗು ಸವರಿ, ಹಾಯೋದಿಲ್ಲ" ಅಂದಿದ್ದ. ಮೊದಲು ಒಬ್ಬ ಮುದುಕಿ ಸವರಿದಳು. ಆಮೇಲೆ ಮಕ್ಕಳು. ಆಮೇಲೆ ಇಡೀ ಊರು.

ಹೇಳಿದ್ದು ತಮಾಷೆಗೆ, ಊರಿಗೆ ಅದು ರೂಢಿಯೇ ಆಗಿಹೋಯಿತು. ಬಸ್ಸಿಳಿದವರು ಸುಮ್ಮನೆ ಮನೆಗೆ ಹೋಗುತ್ತಿರಲಿಲ್ಲ. ಮುಂದಿನಿಂದ ಸುತ್ತಿ ಬಂದು, ಮೂಗಿನ ಮೇಲೊಮ್ಮೆ ಕೈಯಾಡಿಸಿ, ಆಮೇಲೆ ರಸ್ತೆ ದಾಟುತ್ತಿದ್ದರು. ಚಳಿಗಾಲದಲ್ಲಿ ಆ ಬಿಸಿ ತಗಡಿಗೆ ಎರಡೂ ಅಂಗೈ ಒತ್ತಿ ಕೆನ್ನೆಗೆ ಹಚ್ಚಿಕೊಳ್ಳುತ್ತಿದ್ದರು. ದೂರದ ಆಸ್ಪತ್ರೆಯಿಂದ ಗುಣವಾಗಿ ಬಂದವರು ಎರಡು ಸಲ ಸವರುತ್ತಿದ್ದರು. ಡ್ರೈವರು ಮೇಲಿನಿಂದ ನೋಡುತ್ತ ಮೀಸೆಯಲ್ಲೇ ನಗುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ಒಂದು ಕೋಳಿಮರಿಗೂ ಅವನ ಚಕ್ರ ತಾಗಲಿಲ್ಲ. ಊರು ಅವನನ್ನು ಸಾವಿರಗಣ್ಣಿನ ಡ್ರೈವರು ಅಂತ ಕರೆಯಿತು. ನಿವೃತ್ತಿಯ ದಿನ ಡಿಪೋದವರು ಒಂದು ಗೋಡೆ ಗಡಿಯಾರ ಕೊಟ್ಟರು. ಅದು ಐದು ನಿಮಿಷ ಮುಂದೆ ಓಡುತ್ತಿತ್ತು. ಅಜ್ಜ ಅದನ್ನು ತಿದ್ದಿಸಲಿಲ್ಲ. "ನನ್ನ ಬಸ್ಸೂ ಹಾಗೇ ಇತ್ತು" ಅನ್ನುತ್ತಿದ್ದ.

ಈಗಿನ ಬಸ್ಸಿಗೆ ಮೂಗಿಲ್ಲ. ಗೋಡೆಯ ಹಾಗೆ ಚಪ್ಪಟೆ ಮುಖ, ಆಳೆತ್ತರದಲ್ಲಿ ದೊಡ್ಡ ಗಾಜು. ಕಂಡಕ್ಟರೂ ಇಲ್ಲ. ಟಿಕೆಟ್ಟನ್ನು ಡ್ರೈವರೇ ಒಂದು ಸಣ್ಣ ಮೆಷಿನಿನಿಂದ ಹರಿದು ಕೊಡುತ್ತಾಳೆ. ಆದರೂ ಊರು ರೂಢಿ ಬಿಟ್ಟಿರಲಿಲ್ಲ. ಮೂಗಿಲ್ಲದ ಮುಖವನ್ನೇ ಸವರುತ್ತಿತ್ತು. ಶಾಲೆಯ ಹುಡುಗಿಯರು ಕೈ ಎಟುಕದೆ ಬಂಪರ್ ಸವರುತ್ತಿದ್ದರು.

ಅಂದು ಅಜ್ಜ ತಲುಪುವಷ್ಟರಲ್ಲಿ ಬಸ್ಸು ಬಂದು, ನಿಲ್ದಾಣದ ಮರ ಸುತ್ತಿ, ವಾಪಸು ಮುಖ ಮಾಡಿ ನಿಂತಿತ್ತು. ಜೋಳ ಬಿಡಿಸುತ್ತ ಅವನೇ ತಡಮಾಡಿದ್ದ. ಮಗಳು ಹೊರಡುವ ಮುಂಚೆ ಎಂದಿನಂತೆ ಕೆಳಗಿಳಿದು ಬಸ್ಸಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಚಕ್ರಗಳ ಸಂದಿ ನೋಡಿ, ಮೇಲೆ ಹತ್ತಿದ್ದಳು. ಅಜ್ಜನಿಗೆ ಇದು ತಮಾಷೆಯ ವಿಷಯ.

"ಏನಮ್ಮ ಡ್ರೈವರಮ್ಮ, ಸಂತೆಯಲ್ಲಿ ಎತ್ತು ಕೊಳ್ಳೋರ ಥರ ದಿನಾ ಸುತ್ತಿ ಸುತ್ತಿ ನೋಡ್ತೀಯಲ್ಲ. ಹಲ್ಲು ಎಣಿಸಿದೆಯಾ?" ಅಂತ ರಸ್ತೆಯ ಕಡೆಯ ಕಿಟಕಿಗೆ ಡಬ್ಬಿ ಎತ್ತಿ ಕೊಟ್ಟ.

"ಎಣಿಸಿದೆ ಅಪ್ಪ. ಎಲ್ಲಾ ಗಟ್ಟಿ ಇದೆ. ತಡವಾಯ್ತು, ಹೊರಡ್ತೀನಿ. ನೀನು ಹುಷಾರಾಗಿ ಆ ಕಡೆ ಹೋಗು."

ಖಾಲಿ ಡಬ್ಬಿ ಇಸಿದುಕೊಂಡು ಅಜ್ಜ ಬಸ್ಸಿನ ಮುಂದಿನಿಂದಲೇ ಹೊರಟ. ನಡುವೆ ನಿಂತು ತಗಡಿನ ಮೇಲೆ ಕೈಯಾಡಿಸಿದ. ಆಗ ಡಬ್ಬಿಯ ಮುಚ್ಚಳ ಸಡಿಲಾಗಿ ಜಾರಿ ಬಿದ್ದು, ಉರುಳಿ ಬಂಪರಿನ ಕೆಳಗೆ ಹೋಯಿತು. ಅಜ್ಜ ಬಗ್ಗಿದ.

ಮೇಲೆ ಕೂತ ಮಗಳು, ಅಪ್ಪ ಆ ಬದಿಗೆ ಬರಲಿ ಅಂತ ಬಾಗಿಲ ಕಡೆಯ ಕನ್ನಡಿ ನೋಡುತ್ತಿದ್ದಳು. ಕನ್ನಡಿಯಲ್ಲಿ ಬಿಳಿ ಟವೆಲು ಹೊದ್ದ ಒಂದು ಹೆಗಲು ಅಂಗಡಿಯ ಕಡೆ ಹೋಗುವುದು ಕಂಡಿತು. ಅಪ್ಪ ದಾಟಿದ ಅಂದುಕೊಂಡಳು. ಹಾರ್ನ್ ಹೊಡೆದಳು. ಬ್ರೇಕಿನಿಂದ ಕಾಲು ತೆಗೆದಳು.

ಆ ಟವೆಲು ಅಪ್ಪನದಾಗಿರಲಿಲ್ಲ, ಟೈಲರನದು. ಅವನು ನಿಲ್ದಾಣದ ಎದುರಿನ ತನ್ನ ಅಂಗಡಿಗೆ ಹೋಗುತ್ತಿದ್ದವನು, ಹಾರ್ನ್ ಕೇಳಿ ಹಿಂದೆ ತಿರುಗಿ ನೋಡಿದ. ಬಸ್ಸು ಚಲಿಸುತ್ತಿದೆ, ಬಂಪರಿನ ಕೆಳಗೆ ಎರಡು ಕಾಲು. ಓಡಿಬಂದು ಎರಡೂ ಕೈಯಿಂದ ಬಸ್ಸಿನ ಪಕ್ಕೆ ಗುದ್ದಿದ.

ಬಸ್ಸು ನಿಂತಿತು. ಚಲಿಸಿದ್ದು ಒಂದು ಮೊಳ ಅಷ್ಟೇ. ಬಂಪರು ಅಜ್ಜನ ಭುಜ ಮುಟ್ಟಿ ಅವನನ್ನು ಪಕ್ಕಕ್ಕೆ ಉರುಳಿಸಿತ್ತು. ಮುಚ್ಚಳದ ಮೇಲೆ ಚಕ್ರ ಹತ್ತಿ, ಅದು ಎಲೆಯ ಹಾಗೆ ಚಪ್ಪಟೆಯಾಗಿತ್ತು.

ಮಗಳು ಇಳಿದು ಬಂದಳು. ಅಪ್ಪನ ಕೈ, ಕಾಲು, ಬೆನ್ನು ಎಲ್ಲ ಮುಟ್ಟಿ ನೋಡಿದಳು. ಬಸ್ಸಿನ ಮೆಟ್ಟಿಲ ಮೇಲೆ ಕೂತು ಟೈಲರು ಕೊಟ್ಟ ನೀರು ಕುಡಿದಳು. ಅವಳು ಮತ್ತೊಮ್ಮೆ ಸುತ್ತು ಬಂದು ಚಕ್ರಗಳ ಸಂದಿ ನೋಡುವವರೆಗೂ ಬಸ್ಸು ಹೊರಡಲಿಲ್ಲ. ಒಳಗೆ ಕೂತ ಯಾರೂ ಬೇಗ ಹೋಗೋಣ ಅನ್ನಲಿಲ್ಲ.

ಸಂಜೆ ಮಗಳು ಮನೆಗೆ ಬಂದಾಗ ಅಜ್ಜಿ ಒಲೆಯ ಮುಂದಿದ್ದಳು. ಅಜ್ಜ ಚಪ್ಪಟೆ ಮುಚ್ಚಳವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಸರಿಮಾಡಲು ನೋಡುತ್ತಿದ್ದ.

"ಅದು ಸರಿಯಾಗಲ್ಲ ಅಪ್ಪ, ಬಿಡು," ಅಂದಳು.

"ನೋಡಿ ಓಡಿಸಿದ್ದರೆ ಮುಚ್ಚಳ ಉಳೀತಿತ್ತು."

"ನೋಡಿದೆ ಅಪ್ಪ. ನೀನು ಕಾಣಲಿಲ್ಲ."

"ಕಾಣದೆ ಏನು? ನಾನೇನು ಸಾಸಿವೆ ಕಾಳಾ? ಮೂವತ್ತೊಂದು ವರ್ಷ ಇಡೀ ಊರು ನನ್ನ ಬಸ್ಸಿನ ಮೂಗು ಸವರಿತು. ಯಾರಿಗೆ ಏನಾಯ್ತು? ಡ್ರೈವರಿಗೆ ಕಣ್ಣಿದ್ದರೆ ಎಲ್ಲಾ ಕಾಣ್ತದೆ."

ಅಜ್ಜಿ ಒಲೆಯಿಂದ ತಿರುಗಿ, "ಬಾಯಿ ಮುಚ್ಚಿಕೊಳ್ರಿ. ಮಗು ಮಧ್ಯಾಹ್ನ ಊಟ ಮಾಡಿಲ್ಲ, ಡಬ್ಬಿ ಹೋದ ಹಾಗೇ ಬಂದಿದೆ" ಅಂದಳು.

ಮಗಳು ಗೋಡೆಗೆ ಒರಗಿ ಕೂತಳು. "ಅಪ್ಪ, ನಾನು ಎತ್ತರದಲ್ಲಿ ಕೂತಿರ್ತೀನಿ. ಗಾಜಿನ ಕೆಳಗೆ ಬಸ್ಸಿನ ಮುಖಕ್ಕೆ ಅಂಟಿಕೊಂಡು ನಿಂತವರು ನನಗೆ ಕಾಣಲ್ಲ. ದೊಡ್ಡವರು ಬಗ್ಗಿದರೆ ಕಾಣಲ್ಲ, ಮಕ್ಕಳಂತೂ ನಿಂತರೂ ಕಾಣಲ್ಲ. ಬಸ್ಸಿನ ಹಿಂದೆ ಇದ್ದವರು ಕಾಣಲ್ಲ. ಪಕ್ಕದಲ್ಲಿ ಚಕ್ರಕ್ಕೆ ಒತ್ತಿಕೊಂಡು ನಡೆದವರು ಕನ್ನಡಿಗೆ ಸಿಗಲ್ಲ. ಇದು ನನ್ನ ಕಣ್ಣಿನ ದೋಷ ಅಲ್ಲ, ಬಸ್ಸು ಇರೋದೇ ಹಾಗೆ. ದಿನಾ ನಾಲ್ಕು ಸಲ ಈ ಊರಿಗೆ ಬರ್ತೀನಿ. ನಾಲ್ಕು ಸಲಾನೂ ಮಕ್ಕಳು ಮುಂದೆ ಬಂದು ಸವರ್ತಾರೆ. ಬೇಡ ಅಂದರೆ, ನಿಮ್ಮಪ್ಪಾನೇ ಕಲಿಸಿದ್ದು ಅಂತಾರೆ. ಒಬ್ಬೊಬ್ಬರನ್ನೂ ಎಣಿಸ್ತಾ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ. ಇವತ್ತು ಎಣಿಕೆ ತಪ್ಪಿತು."

"ಅದಕ್ಕೆ?"

"ಅದಕ್ಕೆ ಈ ರೂಢಿ ನಿಲ್ಲಬೇಕು. ನೀನೇ ನಿಲ್ಲಿಸಬೇಕು. ನಿನ್ನ ಮಾತು ಬಿಟ್ಟರೆ ಊರು ಬೇರೆಯವರ ಮಾತು ಕೇಳಲ್ಲ. ಇಲ್ಲಾಂದರೆ ಡಿಪೋದಲ್ಲಿ ಬೇರೆ ದಾರಿ ಕೇಳ್ತೀನಿ. ನನ್ನ ಚಕ್ರದ ಕೆಳಗೆ ಈ ಊರಿನ ಮಗು ಸಿಗೋದು ನನಗೆ ಬೇಡ."

ಅಜ್ಜನ ಸುತ್ತಿಗೆ ನಿಂತಿತು. ಊರಿಗೆ ಏನಂತ ಹೇಳುವುದು? ಸಾವಿರಗಣ್ಣಿನವನು ನಿಂತು, ಡ್ರೈವರಿಗೆ ಕಾಣೋದಿಲ್ಲ ಕಣ್ರಪ್ಪಾ ಅನ್ನುವುದೇ? ಹಾಗಂದರೆ ಗೋಡೆಯ ಮೇಲಿನ ಗಡಿಯಾರ ಏನಂದೀತು?

"ನನಗೆ ಕಾಣ್ತಿತ್ತು," ಅಂದ ಕೊನೆಗೆ.

"ಆಯ್ತು," ಅಂದಳು ಮಗಳು. "ಭಾನುವಾರ ಮಧ್ಯಾಹ್ನ ಬಸ್ಸು ಇಲ್ಲಿ ಒಂದು ಗಂಟೆ ನಿಲ್ತದೆ. ಡಿಪೋದಲ್ಲಿ ಕೇಳಿ ಒಪ್ಪಿಗೆ ತರ್ತೀನಿ. ನೀನು ಬಂದು ನನ್ನ ಸೀಟಿನಲ್ಲಿ ಕೂತು ಕಾಣಿಸು. ಕಂಡರೆ ನಾನೂ ಆ ಬಸ್ಸಿನ ಮೂಗು ಸವರ್ತೀನಿ."

ಭಾನುವಾರ ನಿಲ್ದಾಣದಲ್ಲಿ ಊರೇ ಸೇರಿತ್ತು. ಸುದ್ದಿ ಹಬ್ಬಿಸಿದವನು ಟೈಲರು. ಜನರ ಹಿಂದೆ, ಊರುಗೋಲು ಹಿಡಿದು, ಸಣಕಲು ಮುದುಕನೊಬ್ಬ ನಿಂತಿದ್ದ. ಡ್ರೈವರಜ್ಜನ ಬಸ್ಸಿಗೆ ಇಪ್ಪತ್ತಾರು ವರ್ಷ ಕಂಡಕ್ಟರಾಗಿದ್ದವನು. ಊರಿಗೆಲ್ಲ ಸೀಟಿ ಮಾಮ. ಅವನು ಊದಿದ ಒಂದು ಸೀಟಿಗೆ ಬಸ್ಸು ನಿಲ್ಲುತ್ತಿತ್ತು, ಎರಡು ಸೀಟಿಗೆ ಹೊರಡುತ್ತಿತ್ತು. ಈಗ ಪಕ್ಕದ ಕೇರಿಯಲ್ಲಿದ್ದಾನೆ, ಮಂಡಿನೋವಿನಿಂದ ಹೊರಗೆ ಬರುವುದು ಕಡಿಮೆ.

"ಏನೋ, ನೀನೂ ಬಂದೆಯಾ?" ಅಂದ ಅಜ್ಜ.

"ನಿನ್ನ ಸಾವಿರ ಕಣ್ಣು ನೋಡೋಣ ಅಂತ ಬಂದೆ. ನನಗಿರೋದು ಒಂದೂವರೆ. ಅರ್ಧ ಪೊರೆ ಬಂದಿದೆ."

ಮಗಳು ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು. ಅಪ್ಪನನ್ನು ಸೀಟಿಗೆ ಹತ್ತಿಸಿದಳು. ಸ್ಟೇರಿಂಗ್ ಮುಟ್ಟಿದ ಕೂಡಲೇ ಅಜ್ಜನ ಬೆನ್ನು ನೆಟ್ಟಗಾಯಿತು. ಹನ್ನೆರಡು ವರ್ಷದ ಮೇಲೆ ಆ ಎತ್ತರ. ಎದುರಿಗೆ ರಸ್ತೆ, ಸೇತುವೆ, ಆಚೆ ಹೊಲ, ಎಲ್ಲ ಅಂಗೈಯ ಗೆರೆಯ ಹಾಗೆ ಕಾಣುತ್ತಿತ್ತು.

"ಕಣ್ಣು ಮುಚ್ಚು," ಅಂದಳು ಮಗಳು. ಕೆಳಗೆ ಪಿಸುಪಿಸು, ಚಪ್ಪಲಿಗಳ ಸದ್ದು, ಹುಡುಗಿಯರ ಕಿಸಿಕಿಸಿ. "ಈಗ ಬಿಡು. ಕನ್ನಡಿ ನೋಡು, ಗಾಜು ನೋಡು, ಎಷ್ಟು ಹೊತ್ತು ಬೇಕಾದರೂ ನೋಡು. ಅಂಗಡಿ ಜಗುಲಿಗೆ ಸರಿದವರನ್ನು ಬಿಟ್ಟು, ಬಸ್ಸಿನ ಸುತ್ತ ಎಷ್ಟು ಜನ ಇದ್ದಾರೆ?"

ಅಜ್ಜ ನಿಧಾನವಾಗಿ ನೋಡಿದ. ಈ ಕನ್ನಡಿಯಲ್ಲಿ ಟೈಲರು ಮತ್ತು ನರ್ಸಮ್ಮ. ಆ ಕನ್ನಡಿಯಲ್ಲಿ ಹಾಲಿನ ಕ್ಯಾನು ಹಿಡಿದವಳು. ಮುಂದೆ ದೂರದಲ್ಲಿ ಮೇಷ್ಟ್ರು.

"ನಾಲ್ಕು," ಅಂದ ಗಟ್ಟಿಯಾಗಿ.

ಕೆಳಗೆ ನಗು ಎದ್ದಿತು. ನಗು ಬಂದದ್ದು ಬಸ್ಸಿನ ಮುಖದ ಬುಡದಿಂದಲೇ.

"ಹನ್ನೊಂದು ಅಪ್ಪ," ಅಂದಳು ಮಗಳು. "ನಿನ್ನ ಮುಂದೆಯೇ ಮೂಗು ಸವರ್ತಾ ಮೂರು ಹುಡುಗಿಯರಿದ್ದಾರೆ. ಜೊತೆಗೆ ಅಮ್ಮ. ಇನ್ನು ಮೂವರು ಚಕ್ರದ ಪಕ್ಕ, ಬಸ್ಸಿನ ಹಿಂದೆ."

"ಎಲ್ಲಿ?" ಅಜ್ಜ ಎದ್ದು, ಹೊಟ್ಟೆ ಸ್ಟೇರಿಂಗಿಗೆ ಒತ್ತಿ ಬಗ್ಗಿ ನೋಡಿದ. ಆಗ ಹೆಂಡತಿಯ ನೆತ್ತಿ ಮಾತ್ರ ಕಂಡಿತು.

"ಮದುವೆಯಾಗಿ ನಲವತ್ತು ವರ್ಷ ಆಯ್ತು," ಅಂತ ಕೆಳಗಿನಿಂದ ಅಜ್ಜಿಯ ದನಿ ಬಂತು. "ಎದುರಿಗಿದ್ದರೂ ಕಾಣೋದಿಲ್ಲ ಅಂದರೆ ನನಗೇನೂ ಹೊಸದಲ್ಲ ಬಿಡ್ರಿ."

ಬಸ್ಸಿನ ಸುತ್ತ ನಿಂತವರೆಲ್ಲ ನಕ್ಕರು. ಅಜ್ಜ ನಗಲಿಲ್ಲ. "ಇದು ಈ ಬಸ್ಸಿನ ದೋಷ. ನಮ್ಮ ಬಸ್ಸಿನಲ್ಲಿ ಹೀಗಿರಲಿಲ್ಲ" ಅಂದ.

"ನಿಮ್ಮ ಬಸ್ಸಿಗೆ ಇಷ್ಟುದ್ದ ಮೂಗಿತ್ತಲ್ಲ ಅಪ್ಪ. ಅದರ ತುದಿಯಲ್ಲಿ ಒಂದು ಮಗು ನಿಂತರೆ ಕಾಣ್ತಿತ್ತಾ? ಯೋಚಿಸಿ ಹೇಳು."

ಅಜ್ಜ ಯೋಚಿಸಿದ. ಬಿಸಿ ತಗಡು, ಮೇಲೇಳುವ ಉಗಿ, ಅದರಾಚೆ... ಅದರಾಚೆ ಏನು ಕಾಣುತ್ತಿತ್ತು?

ಅಷ್ಟರಲ್ಲಿ ಬಸ್ಸಿನ ಹಿಂದಿನಿಂದ ಒಂದು ಸೀಟಿ ಕೇಳಿಸಿತು. ಉದ್ದನೆಯದು, ಒಂದೇ ಒಂದು.

ಅಜ್ಜನ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗಿ ನೆಲಕ್ಕೆ ಒತ್ತಿತು. ಎರಡೂ ಕೈ ಸ್ಟೇರಿಂಗ್ ಹಿಡಿದು ಬಿಗಿಯಾದವು. ಇಂಜಿನ್ ಆರಿದ ಬಸ್ಸನ್ನು ಅವನು ಬೆವರುತ್ತ ನಿಲ್ಲಿಸಿದ್ದ.

ತುಸು ಹೊತ್ತಿಗೆ ಸೀಟಿ ಮಾಮ ಊರುಗೋಲು ಊರುತ್ತ ಮೆಟ್ಟಿಲು ಹತ್ತಿ ಬಂದು ಮೊದಲ ಸೀಟಿನಲ್ಲಿ ಕೂತ. ಹಳೆಯ ಸೀಟಿ ಅಂಗೈಯಲ್ಲಿತ್ತು.

"ಕಾಲು ತೆಗಿ ಮಾರಾಯ, ಪಾಪ, ಬ್ರೇಕ್ ಸವೆದೀತು," ಅಂದ.

ಅಜ್ಜ ಕಾಲು ತೆಗೆಯಲಿಲ್ಲ. ಯಾರನ್ನೂ ನೋಡದೆ, "ನಾನು ಯಾವತ್ತೂ ನೋಡಿ ನಿಲ್ಲಿಸಲಿಲ್ಲ. ಕೇಳಿ ನಿಲ್ಲಿಸ್ತಿದ್ದೆ" ಅಂದ.

ಮಗಳು ಜೇಬಿನಿಂದ ಲೈಸೆನ್ಸಿನ ಚೀಲ ತೆಗೆದಳು. ಅದರೊಳಗಿಂದ ಮಡಿಕೆಯಲ್ಲಿ ಸವೆದ, ಗುಲಾಬಿ ಬಣ್ಣ ಮಾಸಿದ ಒಂದು ಅರ್ಧ ಟಿಕೆಟ್ ಎತ್ತಿ ಅಪ್ಪನ ಮುಂದೆ ಇಟ್ಟಳು.

"ಇದು ಮಾಮ ನನಗೆ ಕೊಟ್ಟ ಲಂಚ. ಆಗ ನನಗೆ ಆರು ವರ್ಷ. ಹೇಳಲಾ ಮಾಮ?"

"ಇಷ್ಟು ವರ್ಷ ಆಯ್ತು. ಹೇಳು," ಅಂದ ಸೀಟಿ ಮಾಮ.

ಆಗಿನ ಮಕ್ಕಳಿಗೆ ಟಿಕೆಟ್ ಕೂಡಿಡುವ ಹುಚ್ಚು. ಜನ ಇಳಿದು ಎಸೆದ ಹಳದಿ, ಹಸಿರು, ಗುಲಾಬಿ ಚೂರುಗಳಿಗೆ ಜಗಳವೇ ನಡೆಯುತ್ತಿತ್ತು. ಅಮ್ಮನ ಜೊತೆ ಅಪ್ಪನಿಗೆ ಊಟ ತಂದಿದ್ದ ಆರು ವರ್ಷದ ಹುಡುಗಿ, ಗಾಳಿಗೆ ಹಾರಿದ ಒಂದು ಗುಲಾಬಿ ಟಿಕೆಟ್ಟಿನ ಹಿಂದೆ ಹೋಗಿ, ಬಸ್ಸಿನ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಸ್ಸು ತಿರುಗಿಸಲು ಅಪ್ಪ ಹಿಂದಕ್ಕೆ ಬಿಟ್ಟಿದ್ದ. ಮಾಮ ಕಂಡವನೇ ಸೀಟಿ ಊದಿ, ಬಗ್ಗಿ, ಅವಳ ಜಡೆ ಹಿಡಿದೇ ಎಳೆದುಕೊಂಡಿದ್ದ. ಅಪ್ಪನಿಗೂ ಅಮ್ಮನಿಗೂ ಹೇಳಬೇಡ ಅಂತ ಆ ಗುಲಾಬಿ ಟಿಕೆಟ್ಟನ್ನೇ ಎತ್ತಿ ಅವಳ ಕೈಗಿಟ್ಟಿದ್ದ.

"ಆ ದಿನವಾ?" ಅಂದ ಅಜ್ಜ. "ಮೊಟ್ಟೆ ಒಡೆದ ದಿನ?"

"ಅದೇ ದಿನ."

ಅಜ್ಜನಿಗೆ ಎಲ್ಲ ನೆನಪಾಯಿತು. ಬ್ರೇಕ್ ಬಿದ್ದ ರಭಸಕ್ಕೆ ಬಸ್ಸಿನೊಳಗಿದ್ದ ಮೊಟ್ಟೆ ಮಾರುವವಳ ಬುಟ್ಟಿ ಮಗುಚಿತ್ತು. ಮೂವತ್ತು ಮೊಟ್ಟೆ. ಅವಳು ಬಾಯಿ ಮಾಡಿದ್ದಳು. ತಾನು ಕೆಳಗಿಳಿದು ತುಂಬಿದ ಬಸ್ಸಿನೆದುರು, ಸುಮ್ಮಸುಮ್ಮನೆ ಸೀಟಿ ಊದೋದಕ್ಕೆ ನೀನೇನು ಪೀಪಿ ಮಾರುವವನಾ ಅಂತ ಕೂಗಾಡಿ, ಮೊಟ್ಟೆಯನ್ನು ನೀನೇ ಕಟ್ಟಿಕೊಡು ಅಂದಿದ್ದ. ಅವನು ಎದುರು ಮಾತಾಡಿರಲಿಲ್ಲ. ಮುಂದಿನ ವಾರ ತನ್ನ ಮನೆಯ ಕೋಳಿಗಳ ಮೊಟ್ಟೆ ತಂದು ತುಂಬಿಕೊಟ್ಟಿದ್ದ.

"ಯಾಕೆ ಹೇಳಲಿಲ್ಲ ನನಗೆ?"

"ಹೇಳಿದ್ದರೆ ಮಾರನೇ ದಿನ ನಿನ್ನ ಕಾಲು ನಡುಗ್ತಿತ್ತು," ಅಂದ ಸೀಟಿ ಮಾಮ. "ಅರವತ್ತು ಜನ ಕೂರೋ ಬಸ್ಸು. ನಡುಗೋ ಕಾಲಿಗಿಂತ ಬೈಯೋ ಬಾಯಿ ವಾಸಿ ಅನ್ನಿಸ್ತು. ಆದರೆ ಆವತ್ತಿನಿಂದ, ಇಳಿದವರೆಲ್ಲ ಮೂಗು ಸವರಿ, ದಾಟಿ, ಅವರ ಬೆನ್ನು ನನಗೆ ಕಾಣೋವರೆಗೂ ನಾನು ಎರಡನೇ ಸೀಟಿ ಊದಲಿಲ್ಲ. ಊರಿಗೆ ಸವರಿದ್ದು ನೆನಪಿದೆ. ನಾನು ಪಕ್ಕದಲ್ಲಿ ನಿಂತಿದ್ದು ನೆನಪಿಲ್ಲ."

ಅಜ್ಜ ಆ ಅರ್ಧ ಟಿಕೆಟ್ಟನ್ನು ಬಹಳ ಹೊತ್ತು ಬೆರಳಲ್ಲಿ ಹಿಡಿದಿದ್ದ. ದಿನಾ ಬಗ್ಗಿ ಬಗ್ಗಿ ಚಕ್ರದ ಸಂದಿ ನೋಡುವ ಮಗಳಿಗೆ ತಾನು ಆಡಿದ ಹಾಸ್ಯವೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಟಿಕೆಟ್ಟನ್ನು ಮಡಿಸಿ ಅವಳ ಚೀಲಕ್ಕೆ ತಾನೇ ಹಾಕಿದ. ಇಳಿದು ಬಂದು ಬಸ್ಸಿನ ಮುಂದೆ ನಿಂತ.

"ನೋಡ್ರಪ್ಪಾ," ಅಂದ. "ನನಗೆ ಯಾವತ್ತೂ ಇದ್ದದ್ದು ಎರಡೇ ಕಣ್ಣು. ಉಳಿದ ಒಂಬೈನೂರ ತೊಂಬತ್ತೆಂಟು ಇಲ್ಲಿ ಊರುಗೋಲು ಹಿಡಿದು ಕೂತಿದೆ. ಈಗಿನ ಬಸ್ಸಿನಲ್ಲಿ ಅದಿಲ್ಲ. ನನ್ನ ಮಗಳೂ ಒಬ್ಬಳೇ, ಅವಳಿಗೂ ಎರಡೇ ಕಣ್ಣು. ಮೂಗು ಸವರಿ ಅಂತ ಕಲಿಸಿದವನು ನಾನು. ಸಾಕು ಬಿಡಿ ಅಂತ ಹೇಳೋನೂ ನಾನೇ."

ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಾಲಿನ ಕ್ಯಾನಿನವಳು ಮೆಲ್ಲಗೆ, "ಅಲ್ಲ ಡ್ರೈವರಜ್ಜ, ಆಸ್ಪತ್ರೆಯಿಂದ ಮಗು ಎತ್ತಿಕೊಂಡು ಬಂದ ದಿನ ಇದರ ಮೂಗು ಮುಟ್ಟಿದ ಮೇಲೇ ನನಗೆ ಊರಿಗೆ ಬಂದೆ ಅನ್ನಿಸಿದ್ದು. ಈಗ ಹೇಗೆ ಸುಮ್ಮನೆ ಹೋಗೋದು?" ಅಂದಳು.

ಉತ್ತರ ಹೇಳಿದವಳು ಮಗಳು. "ಅಕ್ಕ, ಇಳಿದ ಕೂಡಲೇ ಬಸ್ಸಿನಿಂದ ಹತ್ತು ಹೆಜ್ಜೆ ದೂರ ಬಂದು ನಿಲ್ಲು. ಅಲ್ಲಿಂದ ಕೈ ಎತ್ತು. ನನಗೆ ನೀನು ಕಾಣ್ತೀಯ. ನಾನೂ ಕೈ ಎತ್ತುತ್ತೀನಿ. ಬಸ್ಸು ಹೋಗಲಿ, ಆಮೇಲೆ ಎರಡೂ ಕಡೆ ನೋಡಿ ರಸ್ತೆ ದಾಟು. ಮೂಗಿಗಿಂತ ನನ್ನ ಮುಖ ಚೆನ್ನಾಗಿಲ್ವಾ?"

"ಚೆನ್ನಾಗಿದೆ, ಸ್ವಲ್ಪ ನಗಬೇಕು ಅಷ್ಟೇ," ಅಂದ ಟೈಲರು.

ನರ್ಸಮ್ಮ ಮಕ್ಕಳನ್ನು ಹತ್ತಿರ ಕರೆದು ಕೇಳಿದಳು. "ಬಸ್ಸಿನ ಕೆಳಗೆ ನಿಮ್ಮ ಪುಸ್ತಕ ಬಿತ್ತು. ಏನು ಮಾಡ್ತೀರಿ?" ಒಬ್ಬ ಹುಡುಗಿ, "ಬೇಗ ಎತ್ಕೋತೀನಿ" ಅಂದಳು. ಅಜ್ಜ ತನ್ನ ಜೇಬಿನಿಂದ ಚಪ್ಪಟೆ ಮುಚ್ಚಳ ತೆಗೆದು ಅವಳ ಕೈಗೆ ಕೊಟ್ಟ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಎತ್ಕೊಳ್ಳಲ್ಲ. ಡ್ರೈವರಕ್ಕನಿಗೆ ಹೇಳ್ತೀನಿ" ಅಂದಳು.

ಹೊರಡುವ ಹೊತ್ತಾಗುತ್ತ ಬಂತು. ಮಗಳು ಕೀಲಿಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಎತ್ತಿ ಹಿಡಿದಳು. "ಇಂಜಿನ್ ಆರಿದೆ, ಕೀಲಿ ನನ್ನ ಹತ್ತಿರ ಇದೆ. ಇದು ಕಡೇ ಸಲ. ಯಾರಿಗೆ ಬೇಕೋ ಬನ್ನಿ."

ಊರು ಸಾಲಾಗಿ ಬಂತು. ಮುದುಕಿಯರು ಅಂಗೈ ಇಟ್ಟರು, ಮಕ್ಕಳು ಬಂಪರ್ ಮುಟ್ಟಿದರು, ಮೇಷ್ಟ್ರು ಯಾರೂ ನೋಡುತ್ತಿಲ್ಲವೆಂದುಕೊಂಡು ಬೆರಳ ತುದಿ ತಾಗಿಸಿದರು. ಹಾಲಿನ ಕ್ಯಾನಿನವಳು ಎರಡು ಸಲ ಸವರಿದಳು. ಕೊನೆಗೆ ಅಜ್ಜ ಬಂದ. ತಗಡು ತಣ್ಣಗಿತ್ತು. ಅದರ ಮೇಲೆ ಕೈಯಿಟ್ಟು, ತನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ, "ಹೋಗಿ ಬಾ" ಅಂದ. ಆಮೇಲೆ ಹತ್ತು ಹೆಜ್ಜೆ ಎಣಿಸಿಕೊಂಡು ಹಿಂದೆ ಸರಿದು ನಿಂತ.

ಬಸ್ಸು ಹೊರಟಾಗ ಎಲ್ಲರ ಕೈಯೂ ಮೇಲಿತ್ತು. ಗಾಜಿನೊಳಗಿಂದ ಮಗಳ ಕೈಯೂ.

ಅಂದಿನಿಂದ ಅಜ್ಜಿ, ಗಂಡ ಹೇಳಿದಂತೆ, ತನ್ನ ಕೋಳಿಗಳ ಮೊಟ್ಟೆಯನ್ನು ಅಂಗಡಿಗೆ ಕೊಡದೆ ಬುಟ್ಟಿಯಲ್ಲಿ ಕೂಡಿಟ್ಟಳು. ಜೋಳದ ರಾಶಿ ಕರಗಿ, ಕಾಳು ಚೀಲ ಸೇರುವಷ್ಟರಲ್ಲಿ ಬುಟ್ಟಿಯೂ ತುಂಬಿತ್ತು. ಒಂದು ಮಧ್ಯಾಹ್ನ, ಡಬ್ಬಿ ಕೊಟ್ಟು, ಹತ್ತು ಹೆಜ್ಜೆ ದೂರ ನಿಂತು ಬಸ್ಸನ್ನು ಕಳಿಸಿ, ಅಜ್ಜ ಬುಟ್ಟಿ ಹೊತ್ತುಕೊಂಡು ಪಕ್ಕದ ಕೇರಿಗೆ ಹೋದ.

ಸೀಟಿ ಮಾಮ ಜಗುಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ.

"ಏನಿದು?"

"ಮೂವತ್ತು. ಎಣಿಸಿಕೋ."

ಸೀಟಿ ಮಾಮ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದ. ಒಂದೂವರೆ ಕಣ್ಣಿನಿಂದ ನಿಧಾನವಾಗಿ ಎಣಿಸಿದ. "ಎರಡು ಬಿರುಕು ಬಿಟ್ಟಿದೆ. ದಾರಿಯಲ್ಲಿ ಬ್ರೇಕ್ ಹಾಕಿದೆಯಾ?" ಅಂದ.

"ಹಿಂದೆ ನೀನಿರಲಿಲ್ಲ," ಅಂದ ಅಜ್ಜ.

ಸೀಟಿ ಮಾಮ ಜಗುಲಿಯಲ್ಲಿ ಜಾಗ ಮಾಡಿಕೊಟ್ಟ. ಇಬ್ಬರೂ ಗೋಡೆಗೆ ಒರಗಿ ಕೂತರು. ಬಸ್ಸು ಮತ್ತೆ ಊರಿಗೆ ಬರುವ ಹೊತ್ತಿಗೆ ದೂರದ ಸೇತುವೆಯ ಬಳಿ ಗೇರ್ ಬದಲಾಗುವ ಸದ್ದು ಕೇಳಿಸಿತು. ಎರಡನೇ ಗೇರನ್ನು ಮಗಳು ಸರಿಯಾದ ಜಾಗದಲ್ಲೇ ಹಾಕಿದ್ದಳು. ಅಜ್ಜ ಮೀಸೆಯಲ್ಲೇ ನಕ್ಕ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿನಲ್ಲಿ ಬಸ್ಸಿನ ಮೂಗು ಸವರುವ ರೂಢಿ ಇಲ್ಲದಿರಬಹುದು. ಆದರೆ ಇಳಿದ ಕೂಡಲೇ ಬಸ್ಸಿನ ಮುಂದೆಯೇ ನುಸುಳಿ ದಾಟುವುದು, ಹೊರಟ ಬಸ್ಸಿನ ಪಕ್ಕೆ ಬಡಿಯುತ್ತ ಓಡುವುದು, ಅದರ ಹಿಂದೆ ನಿಂತು ಮಾತಾಡುವುದು ಎಲ್ಲ ಊರಿನಲ್ಲೂ ಇದೆ. ಡ್ರೈವರು ನಮ್ಮವರೇ, ನಮ್ಮನ್ನು ನೋಡಿಯೇ ಇರುತ್ತಾರೆ ಅಂದುಕೊಳ್ಳಬೇಡಿ. ಡ್ರೈವರಜ್ಜನಿಗೆ ಹೆಂಡತಿ ಕಾಣಲಿಲ್ಲ, ಮಗಳಿಗೆ ಅಪ್ಪ ಕಾಣಲಿಲ್ಲ. ಡ್ರೈವರ ಮುಖ ನಿಮಗೆ ಕಾಣದಿದ್ದರೆ, ನೀವು ಡ್ರೈವರಿಗೆ ಕಾಣುತ್ತಿಲ್ಲವೆಂದೇ ತಿಳಿಯಿರಿ. ಬಸ್ಸು ಬರುವಾಗ ರಸ್ತೆಯ ಅಂಚಿನಿಂದ ಹಿಂದೆ ನಿಲ್ಲಿ. ಮಕ್ಕಳ ಕೈ ಹಿಡಿದುಕೊಳ್ಳಿ. ಇಳಿದ ಮೇಲೆ ಹತ್ತು ಹೆಜ್ಜೆ ದೂರ ಸರಿಯಿರಿ, ಬಸ್ಸನ್ನು ಮೊದಲು ಕಳಿಸಿ, ಆಮೇಲೆ ಎರಡೂ ಕಡೆ ನೋಡಿ ದಾಟಿ. ಕೆಳಗೆ ಬಿದ್ದದ್ದು ಏನೇ ಇರಲಿ, ಡ್ರೈವರಿಗೆ ಹೇಳದೆ ಬಗ್ಗಬೇಡಿ. ನಾಳೆ ಬೆಳಗ್ಗೆ ಮಕ್ಕಳನ್ನು ಬಸ್ಸಿಗೆ ಕಳಿಸುವ ಮುಂಚೆ ಈ ಕಥೆ ಅವರಿಗೊಮ್ಮೆ ಹೇಳಿ. ಈಗಿನ ಎಷ್ಟೋ ಬಸ್ಸುಗಳ ಹಿಂದೆ ಸೀಟಿ ಹಿಡಿದು ನಿಂತ ಮಾಮ ಇಲ್ಲ. ಆ ಒಂದು ಸೀಟಿಯನ್ನು ಇನ್ನು ಮುಂದೆ ನೀವೇ ನಿಮ್ಮ ಮನಸ್ಸಿನಲ್ಲಿ ಊದಿಕೊಳ್ಳಬೇಕು.